ಕಾಕಾ, ಟ್ಯಾಂಕ್ ಇಳಿಸೋದು ಬೇಡ, ತಡೀರಿ

ಕಾಕಾ, ಬರೆಯುತ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪೋರ್ಚ್ ತುಂಬಾ ಪೆಟ್ರೋಲ್ ವಾಸನೆ, ಇಂಜಿನ್ ಲೈಟ್ ಹತ್ತಿದೆ, ಮಿಸ್ತ್ರಿ ಟ್ಯಾಂಕ್ ಇಳಿಸೋಣ ಅಂದ ಅಂತ ಬೆಳಿಗ್ಗೆ ಹೇಳಿದಿರಲ್ವಾ?

ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಪೆಟ್ರೋಲ್ ಹನಿ ಬಿದ್ದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಮಿಸ್ತ್ರಿಯನ್ನೇ ಮನೆಗೆ ಕರೆಸಿ. ನೆಲ ಒಣಗಿದ್ದು ಬರೀ ವಾಸನೆ ಇದ್ದರೆ ಅದು ಹೆಚ್ಚಾಗಿ ಆವಿ ಲೀಕು. ಆದರೂ ಗಾಡಿ ಬಯಲಲ್ಲಿ ನಿಲ್ಲಿಸಿ. ಹತ್ತಿರ ಬೀಡಿ ಹಚ್ಚಿದರೆ ಕಾಕುಗೆ ಹೇಳುತ್ತೇನೆ ನೋಡಿ.

ಟ್ಯಾಂಕ್‌ನಲ್ಲಿ ಏಳುವ ಆವಿಯನ್ನು ಇದ್ದಿಲು ತುಂಬಿದ ಒಂದು ಡಬ್ಬಿ ಹಿಡಿದಿಡುತ್ತದೆ, ಕ್ಯಾನಿಸ್ಟರ್ ಅಂತಾರೆ. ಗಾಡಿ ಓಡುವಾಗ ಪರ್ಜ್ ವಾಲ್ವ್ ತೆರೆದು ಇಂಜಿನ್ ಆ ಆವಿಯನ್ನು ಎಳೆದು ಸುಡುತ್ತದೆ. ಈ ದಾರಿಯಲ್ಲಿ ಎಲ್ಲಿ ಬಿರುಕು ಬಿಟ್ಟರೂ ವಾಸನೆ. ಬಾಗಲಕೋಟೆ ಬಿಸಿಲಿಗಂತೂ ಕೇಳಲೇಬೇಡಿ.

ನನಗೂ ಹೀಗೇ ಆಗಿತ್ತು. ಕೊಲ್ಹಾರದಲ್ಲಿ ಮೊಸರಿಗೆ ನಿಂತಾಗ ಗಪ್ಪಂತ ವಾಸನೆ ಬಂತು. ಸ್ಕ್ಯಾನರ್ ಹಾಕಿಸಿದರೆ ಪಿ 0455 ಅಂತ ದೋಷದ ನಂಬರ್ ತೋರಿಸಿತು, ಅಂದರೆ ದೊಡ್ಡ ಲೀಕ್. ಸಣ್ಣದಾದರೆ 0442. ಆದರೆ ಎಲ್ಲಿ ಅಂತ ಆ ನಂಬರ್ ಹೇಳುವುದಿಲ್ಲ. ಸುಮ್ನೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬದಲಿಸಿದೆ. ವಾಲ್ವ್ ಬದಲಿಸಿದೆ. ದುಡ್ಡು ಹೋಯಿತು, ವಾಸನೆ ಹೋಗಲಿಲ್ಲ. ಕೊನೆಗೆ ವಿಜಯಪುರದಲ್ಲೇ ಒಬ್ಬರು ಆವಿಯ ಪೈಪಿಗೆ ಮೆಲ್ಲಗೆ ಹೊಗೆ ಬಿಟ್ಟು ನೋಡಿದರು. ಸ್ವಲ್ಪ ಹೊತ್ತಿಗೆ ಹಿಂದಿನ ಚಕ್ರದ ಮೇಲಿಂದ ಹೊಗೆ ಎದ್ದಿತು. ಇಲಿ ಕಡಿದಿತ್ತು, ಕಾಕಾ! ಗಾಡಿ ಪಕ್ಕ ಜೋಳದ ಚೀಲ ಇಟ್ಟವನೂ ನಾನೇ. ಗೇಣುದ್ದ ರಬ್ಬರ್ ಪೈಪಿಗೆ ಅಷ್ಟೆಲ್ಲ ಓಡಾಟ. ಪೆಟ್ರೋಲ್ ತಡೆಯುವ ಪೈಪೇ ಹಾಕಿಸಬೇಕು, ನೀರಿನ ಪೈಪ್ ನಡೆಯುವುದಿಲ್ಲ.

ಅದಕ್ಕೇ ನೀವು ಮೊದಲು ಹೀಗೆ ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್‌ನಿಂದ ಊದಿ ನೋಡೋಣ ಅಂದರೆ ಬೇಡ ಅನ್ನಿ. ಆ ಒತ್ತಡಕ್ಕೆ ಚೆನ್ನಾಗಿರೋ ಜಾಯಿಂಟೂ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು. ಪೆಟ್ರೋಲ್ ಹಾಕಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದಾ? ಹಾಗಿದ್ದರೆ ಪರ್ಜ್ ವಾಲ್ವ್ ಮುಚ್ಚದೇ ತೆರೆದೇ ಉಳಿದಿರಬಹುದು, ಅದನ್ನೂ ಮಿಸ್ತ್ರಿಗೆ ಹೇಳಿ. ಬಂಕ್‌ನಲ್ಲಿ ಆಟೋ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಪ್ಪ ಅಂತೀರಲ್ಲ, ಅದನ್ನು ಬಿಡಿ. ಆ ಜಾಸ್ತಿ ಪೆಟ್ರೋಲ್ ಹೋಗಿ ಇದ್ದಿಲ ಡಬ್ಬಿಯನ್ನೇ ತೋಯಿಸಬಹುದು.

ಈಗ ಮುಚ್ಚಳ ತೆಗೆದು ರಬ್ಬರ್ ರಿಂಗಿನ ಫೋಟೋ ಹಾಕಿ. ಬಿರುಕು ಇದ್ದರೆ ಮೊದಲು ಅದೊಂದನ್ನೇ ಬದಲಿಸೋಣ. ಲೈಟ್ ಮಾತ್ರ ಕೂಡಲೇ ಆರುವುದಿಲ್ಲ, ಒಂದೆರಡು ದಿನ ಓಡಿಸಬೇಕಾಗುತ್ತದೆ.