ಐದು ಸಂಶೋಧನಾ ತಂಡಗಳಿಗೆ ಒಂದೇ ಸಂಖ್ಯಾಶಾಸ್ತ್ರ ಘಟಕ: ನಡೆಯುತ್ತದೆಯೇ?

ಪ್ರಶ್ನೆ

ನಮ್ಮಲ್ಲಿ ಸಾರ್ವಜನಿಕ ಆರೋಗ್ಯದ ಐದು ಸಂಶೋಧನಾ ತಂಡಗಳಿವೆ. ತಂಡಕ್ಕೊಬ್ಬ ಜೈವಿಕ ಸಂಖ್ಯಾಶಾಸ್ತ್ರಜ್ಞರನ್ನು ಇಟ್ಟುಕೊಳ್ಳುವಷ್ಟು ಅನುದಾನ ಯಾರಿಗೂ ಇಲ್ಲ. ಎಲ್ಲರೂ ಸೇರಿ ಇಬ್ಬರನ್ನು ನೇಮಿಸಿಕೊಳ್ಳೋಣ ಎಂಬ ಮಾತು ನಡೆದಿದೆ. ಯಾರ ಕೆಲಸ ಮೊದಲು ಎಂಬ ತಕರಾರು ಶುರುವಾಗುತ್ತದೆಂಬ ಅಳುಕು ನನ್ನದು. ಹಣವನ್ನು ಗಂಟೆಯ ಲೆಕ್ಕದಲ್ಲಿ ಕೊಡುವುದೋ, ಅನುದಾನದಲ್ಲೇ ಪಾಲು ತೆಗೆದಿಡುವುದೋ? ಹಣ ಕೊಟ್ಟ ಮೇಲೂ ಲೇಖನದಲ್ಲಿ ಅವರ ಹೆಸರು ಹಾಕಬೇಕೇ?

ಉತ್ತರ 1

ನಾನು ಇಂಥದ್ದೇ ಘಟಕದಲ್ಲಿ ಸಂಖ್ಯಾಶಾಸ್ತ್ರಜ್ಞೆ. ಖಂಡಿತ ನಡೆಯುತ್ತದೆ, ಆದರೆ ಒಂದು ಷರತ್ತಿದೆ: ಪ್ರೋಟೊಕಾಲ್, ಅಂದರೆ ಅಧ್ಯಯನ ಹೇಗೆ ನಡೆಸುವುದೆಂಬ ಲಿಖಿತ ಯೋಜನೆ, ಬರೆಯುವಾಗಲೇ ತಂಡಗಳು ಘಟಕಕ್ಕೆ ಬರಬೇಕು. ದತ್ತಾಂಶ ಕೈಗೆ ಬಂದ ಮೇಲೆ ಮಾತ್ರ ಬಾಗಿಲು ತಟ್ಟುವ ಪದ್ಧತಿ ಇದ್ದರೆ ಇಬ್ಬರಲ್ಲ, ಹತ್ತು ಜನರಿದ್ದರೂ ಸಾಲದು.

ಒಂದು ತಂಡ 384 ಜನರ ಸಮೀಕ್ಷೆಯ ಯೋಜನೆ ತಂದಿತ್ತು. ಪ್ರಮಾಣ ಶೇ 50 ಎಂದಿಟ್ಟುಕೊಂಡು, ಶೇ 5ರಷ್ಟು ಹೆಚ್ಚುಕಡಿಮೆಯ ಅಂತರದಲ್ಲಿ, ಶೇ 95 ವಿಶ್ವಾಸಮಟ್ಟಕ್ಕೆ ಸಿಗುವ ಸಂಖ್ಯೆ ಅದು. ಸೂತ್ರ ಸರಿ. ಆದರೆ ಅವರು ಪ್ರತಿ ಹಳ್ಳಿಯಲ್ಲೂ 20 ಮಂದಿಯನ್ನು ಮಾತನಾಡಿಸುವವರಿದ್ದರು. ಒಂದೇ ಹಳ್ಳಿಯವರ ಉತ್ತರಗಳು ಒಂದಿಷ್ಟು ಹೋಲುತ್ತವೆ. ಆ ಹೋಲಿಕೆಯ ಗುಣಾಂಕ 0.05 ಎಂದುಕೊಂಡರೂ ಡಿಸೈನ್ ಎಫೆಕ್ಟ್ (ಈ ಹೋಲಿಕೆಯಿಂದಾಗಿ ಜನರ ಸಂಖ್ಯೆಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕೆಂಬ ಲೆಕ್ಕ) 1 + (20 − 1) × 0.05, ಅಂದರೆ 1.95. ಆಗ ಬೇಕಾಗುವುದು 749 ಜನ, 38 ಹಳ್ಳಿ. ಹಳ್ಳಿಗೆ 10 ಮಂದಿ ಸಾಕೆಂದರೆ ಅದು 1.45ಕ್ಕೆ ಇಳಿದು 557 ಜನ, ಆದರೆ 56 ಹಳ್ಳಿ. ಜೀಪಿನ ಖರ್ಚು ಹೆಚ್ಚೋ ಸಂದರ್ಶಕರ ಸಂಬಳ ಹೆಚ್ಚೋ ಎಂಬುದು ತಂಡಕ್ಕೆ ಗೊತ್ತು, ನನಗಲ್ಲ. ಈ ಮಾತುಕತೆಗೆ ಒಂದು ಮಧ್ಯಾಹ್ನ ಸಾಕು. ಸಮೀಕ್ಷೆ ಮುಗಿದ ಮೇಲೆ ಇದನ್ನು ಯಾವ ತಂತ್ರಾಂಶವೂ ಸರಿಪಡಿಸುವುದಿಲ್ಲ.

ಪ್ರಶ್ನಾವಳಿಯನ್ನೂ ಮೊದಲೇ ತೋರಿಸಿ. ವಯಸ್ಸಿನ ಅಂಕಣದಲ್ಲಿ ‘ಗೊತ್ತಿಲ್ಲ’ ಎಂಬುದಕ್ಕೆ 99 ಎಂದು ಹಾಕಿಬಿಟ್ಟರೆ, ನಿಜಕ್ಕೂ 99 ದಾಟುತ್ತಿರುವ ಅಜ್ಜಿಯನ್ನು ಗುರುತಿಸುವುದು ಹೇಗೆ? ವಯಸ್ಸನ್ನು ನೇರವಾಗಿ ಬರೆದುಕೊಳ್ಳದೆ ‘30ರಿಂದ 44’ ಎಂದು ಗುಂಪು ಮಾಡಿದರೆ ಹಿಂದಕ್ಕೆ ಬಿಡಿಸಲಾಗದು. ಇಂಥವನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜನ ತಮ್ಮ ಕೆಲಸ ಬಿಟ್ಟು ಕುಳಿತು ಕೊಟ್ಟ ಉತ್ತರಗಳವು.

ಹಣದ ವಿಷಯ: ಅನುದಾನದ ಅರ್ಜಿಯಲ್ಲೇ ಸಂಖ್ಯಾಶಾಸ್ತ್ರಜ್ಞರ ವೇಳೆಯ ಪಾಲು ತೋರಿಸಿ. ಗಂಟೆಯ ಲೆಕ್ಕ ಹಿಡಿದರೆ ಕಿರಿಯರು ಸಣ್ಣ ಸಂದೇಹ ಕೇಳಲೂ ಹಿಂಜರಿಯುತ್ತಾರೆ.

ಉತ್ತರ 2

ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು. ಪ್ರತಿ ಸಲವೂ ಹೊಸಬರ ಮುಂದೆ ಕಥೆಯನ್ನು ಮೊದಲಿನಿಂದ ಹೇಳುವುದು ಸಾಕಾಗಿ ಹೋಗುತ್ತದೆ. ಒಂದು ಅಧ್ಯಯನಕ್ಕೆ ಆರಂಭದಿಂದ ಕೊನೆಯವರೆಗೆ ಒಬ್ಬರೇ ಇರಲಿ. ಮತ್ತೆ, ತುರ್ತು ಬಂದಾಗ ಏನು ಮಾಡುವುದು? ಸಾಂಕ್ರಾಮಿಕ ಹಬ್ಬಿದಾಗ ವಿಶ್ಲೇಷಣಾ ಯೋಜನೆ ಬರೆದುಕೊಂಡು ಕೂರಲಾಗುವುದಿಲ್ಲ.

ಉತ್ತರ 3 (ಉತ್ತರ 1 ಬರೆದವರಿಂದ)

ಒಬ್ಬರೇ ಇರಬೇಕೆಂಬುದನ್ನು ಪೂರ್ತಿ ಒಪ್ಪುತ್ತೇನೆ. ಜೊತೆಗೆ, ಅವರು ರಜೆ ಹಾಕಿದರೆ ಇನ್ನೊಬ್ಬರು ಓದಿ ಮುಂದುವರಿಸುವಂತೆ ಕೋಡ್ ಮತ್ತು ಟಿಪ್ಪಣಿ ಒಂದೇ ಕಡೆ ಇರಲಿ. ತುರ್ತಿಗೆ ವಾರದಲ್ಲಿ ಇಂತಿಷ್ಟು ಹೊತ್ತನ್ನು ಯಾರಿಗೂ ಕೊಡದೆ ಕಾದಿರಿಸಿ. ಆದರೆ ಯಾವುದು ತುರ್ತು ಎಂದು ತೀರ್ಮಾನಿಸುವುದು ಐದೂ ತಂಡಗಳ ಮುಖ್ಯಸ್ಥರು ಕೂಡಿ, ನಾವಲ್ಲ. ಸಮ್ಮೇಳನದ ಸಾರಾಂಶ ಕಳಿಸಲು ನಾಳೆ ಕೊನೆಯ ದಿನ ಎಂಬುದು ತುರ್ತಲ್ಲ.

ಹೆಸರಿನ ಪ್ರಶ್ನೆಗೆ ಉತ್ತರಿಸುವುದು ಉಳಿದಿತ್ತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾನದಂಡಗಳು ನಾಲ್ಕು: ವಿನ್ಯಾಸ ಅಥವಾ ವಿಶ್ಲೇಷಣೆಯಂಥ ಗಣನೀಯ ಕೊಡುಗೆ, ಲೇಖನ ಬರೆಯುವುದು ಅಥವಾ ವಿಮರ್ಶಿಸಿ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಕೆಲಸಕ್ಕೆ ಹೊಣೆ. ನಾಲ್ಕೂ ಇದ್ದರೆ ಸಂಬಳ ಪಡೆದಿದ್ದರೂ ಅವರು ಲೇಖಕರೇ. ಒಂದು ಕೋಷ್ಟಕ ನೋಡಿಕೊಟ್ಟಿದ್ದರೆ ಕೃತಜ್ಞತೆಯ ಸಾಲು ಸಾಕು. ಕರಡು ಓದಿಸದೆ ಹೆಸರು ಮಾತ್ರ ಸೇರಿಸಬೇಡಿ. ಓದದ ಲೇಖನಕ್ಕೆ ನಾನು ಹೊಣೆ ಹೊರಲಾರೆ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಹಳ್ಳಿಗಳ ಲೆಕ್ಕವನ್ನು ನಮ್ಮ ಮಧುಮೇಹ ತಂಡದವರಿಗೆ ಈಗಲೇ ಕಳಿಸಿದೆ. ಅವರ ಪ್ರೋಟೊಕಾಲ್ ಇನ್ನೂ ನೈತಿಕ ಸಮಿತಿಗೆ ಹೋಗಿಲ್ಲ.