ಕಟಪಾಡಿ ಮನೆ ಗುಂಪಿನಲ್ಲಿ ನಾಮಪತ್ರ ಪರಿಶೀಲನೆ

ಶಾರದಾ ಚಿಕ್ಕಮ್ಮ: ನಿನ್ನೆಯ ಸೀರಿಯಲ್ ತುಂಡು ನೋಡಿ. ಗಂಡನ ಸಾಲ ಮುಚ್ಚಿಟ್ಟದ್ದಕ್ಕೆ ಎಂಎಲ್‌ಎಗೆ ನಿಂತವಳ ನಾಮಪತ್ರ ಎಲ್ಲರೆದುರೇ ಹರಿದು ಹಾಕಿದ್ರು! ಚುನಾವಣೆಗೆ ನಿಲ್ಲುವ ಆಸೆ ಇದ್ದವರು ಜಾಗ್ರತೆ 🙏

ವಿದ್ಯಾ: ಯಾರಿಗೆ ಹೇಳಿದ್ದು ಚಿಕ್ಕಮ್ಮ? ಹೆಸರು ಹಾಕಿ.

ಪ್ರಜ್ವಲ್: ಹರಿಯುವುದು ಎಲ್ಲಿ ಉಂಟು? ಯಾವ ಕಾನೂನಿನಲ್ಲಿ? ತಿರಸ್ಕರಿಸಿದರೆ ಕಾರಣ ಬರೆದು ಸಹಿ ಹಾಕಿ ಫೈಲಲ್ಲಿ ಇಡಬೇಕು.

ಸದಾಶಿವ ದೊಡ್ಡಪ್ಪ: ಮನೆಯ ಸಾಲ ಊರಿಗೆ ಹೇಳುವುದು ಹೆಣ್ಣುಮಕ್ಕಳಿಗೆ ಚಂದ ಅಲ್ಲ.

ವಿದ್ಯಾ: ಗಂಡಸು ನಿಂತರೂ ಹೆಂಡತಿಯ ಬಂಗಾರದ ತೂಕ, ಬೆಲೆ ಬರೆಯಬೇಕು ದೊಡ್ಡಪ್ಪ.

ಪ್ರಜ್ವಲ್: ಸುಳ್ಳು ಬರೆಯುವುದು ಬೇರೆ, ಖಾಲಿ ಬಿಡುವುದು ಬೇರೆ. ನಮೂನೆ 26ರ ಅಫಿಡವಿಟ್‌ನಲ್ಲಿ, ಅಂದರೆ ಆಸ್ತಿ-ಸಾಲ ಎಲ್ಲ ಬರೆದು ಪ್ರಮಾಣ ಮಾಡುವ ಪತ್ರದಲ್ಲಿ, ಕಾಲಂ ಖಾಲಿ ಇದ್ದರೆ ಚುನಾವಣಾಧಿಕಾರಿ ನೋಟಿಸ್ ಕೊಡಬೇಕು. ಪರಿಶೀಲನೆ ಶುರುವಾಗುವ ಹೊತ್ತಿನೊಳಗೆ ಪೂರ್ತಿ ತುಂಬಿದ ಹೊಸದು ಕೊಡದಿದ್ದರೆ ಮಾತ್ರ ನಾಮಪತ್ರ ಹೋಯಿತು. 2013ರ ಸುಪ್ರೀಂ ಕೋರ್ಟ್ ತೀರ್ಪು. ಸಾಲ ಇಲ್ಲದಿದ್ದರೆ ‘ಇಲ್ಲ’ ಅಂತಲೇ ಬರೆಯಬೇಕು, ಗೆರೆ ಎಳೆದರೆ ಸಾಲದು. ಸುಳ್ಳು ಬರೆದದ್ದಕ್ಕೆ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 125ಎ ಕೆಳಗೆ ಆರು ತಿಂಗಳವರೆಗೆ ಜೈಲು ಆಗಬಹುದು, ಆದರೆ ಅದು ಕೋರ್ಟಿನ ಕೆಲಸ, ಆ ಟೇಬಲ್ಲಿನದ್ದಲ್ಲ.

ಶಾರದಾ ಚಿಕ್ಕಮ್ಮ: ನಿನಗೆ ಎಲ್ಲಾ ಗೊತ್ತು. ಕೋಲದ ವಂತಿಗೆ ಲೆಕ್ಕದಲ್ಲಿ ನಿನ್ನ ಹೆಸರಿನೆದುರು ಎಂತ ಬರೆದದ್ದು?

ಹರೀಶ: 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ನಿಂತದ್ದು ನೆನಪುಂಟಾ? ಆಗಿನ ಮೈಕು ಕಟ್ಟಿದ ಜೀಪು, ಗೋಡೆ ಬರಹ... ಆಹಾ ಮಾರ್ರೆ.

ಪ್ರಜ್ವಲ್: ಹರೀಶಣ್ಣ, ವಿಷಯ ಅದಲ್ಲ. ನಿಜವಾಗಿ ಕೈಕೊಡುವುದು ಸೂಚಕರ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸುವ ಮತದಾರರ ಸಹಿ. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಸೂರತ್‌ನಲ್ಲಿ 2024ರಲ್ಲಿ ಸೂಚಕರೇ ‘ಸಹಿ ನಮ್ಮದಲ್ಲ’ ಅಂದರು, ನಾಮಪತ್ರ ಬಿತ್ತು, ಕೊನೆಗೆ ಒಬ್ಬರು ಅವಿರೋಧ. ಅದಕ್ಕೇ ನಾಲ್ಕು ಸೆಟ್‌ವರೆಗೆ ಹಾಕಲು ಅವಕಾಶ ಇರುವುದು. ಬೇರೆ ಬೇರೆ ಸೂಚಕರಿಂದ ಹಾಕಿಸಿದರೆ ಒಂದು ಬಿದ್ದರೂ ಇನ್ನೊಂದು ನಿಲ್ಲುತ್ತದೆ. ಠೇವಣಿ ಒಂದೇ ಸಲ, ವಿಧಾನಸಭೆಗೆ 10,000, ಪರಿಶಿಷ್ಟರಿಗೆ 5,000. ಹೆಸರಲ್ಲಿ ಅಕ್ಷರ ತಪ್ಪಿದ್ದಕ್ಕೆಲ್ಲ ಯಾರೂ ತಿರಸ್ಕರಿಸುವಂತಿಲ್ಲ. ತಕರಾರು ಬಂದರೆ ಉತ್ತರ ಕೊಡಲು ಸಮಯ ಕೇಳಬಹುದು. ಸೀರಿಯಲ್ಲಿನವಳು ಕೇಳಲೇ ಇಲ್ಲ, ಅತ್ತದ್ದೇ ಅತ್ತದ್ದು.

ಸದಾಶಿವ ದೊಡ್ಡಪ್ಪ: ಹಿರಿಯರ ಮಾತಿಗೆ ಸೆಕ್ಷನ್ ಹಾಕಿ ಉತ್ತರ ಕೊಡುವುದು ಈಗಿನ ಫ್ಯಾಷನ್.

ಹರೀಶ: ಆ ವೀಡಿಯೋ ನನಗೆ ಓಪನ್ ಆಗುವುದಿಲ್ಲ.

ವಿದ್ಯಾ: ಗ್ರಾಮ ಪಂಚಾಯತ್‌ಗೂ ಇದೇ ಫಾರಮ್ಮಾ ಪ್ರಜ್ವಲ್?

ಪ್ರಜ್ವಲ್: ಅಲ್ಲ ಅಕ್ಕಾ. ಅದು ರಾಜ್ಯ ಚುನಾವಣಾ ಆಯೋಗದ್ದು, ಪಕ್ಷದ ಚಿಹ್ನೆಯೂ ಇಲ್ಲ.

ಶಾರದಾ ಚಿಕ್ಕಮ್ಮ: ನೋಡಿ, ನಿಲ್ಲುವುದು ಖಂಡಿತ! ನಾನು ಆಗಲೇ ಹೇಳಲಿಲ್ಲವಾ ಭಾವ?