ಅಪ್‌ಡೇಟ್: ಡೆಂಗ್ಯೂ ನಂತರ ಕೂದಲು ಉದುರಿದ್ದು
ಡೆಂಗ್ಯೂ ವಾಸಿಯಾದಮೇಲೆ ಕೂದಲು ಮುಷ್ಟಿಗಟ್ಟಲೆ ಉದುರುತ್ತಿದೆ, ಶಿರಸಿಯ ಬಾವಿನೀರು ಕಾರಣವಾ ಅಂತ ಕೇಳಿದ್ದೆ. ನೀರಲ್ಲವಂತೆ. ಚರ್ಮದ ಡಾಕ್ಟರು ಇದನ್ನು ಟೆಲೋಜೆನ್ ಎಫ್ಲುವಿಯಂ ಅಂದರು. ಜೋರು ಜ್ವರ ಬಂದಾಗ ತುಂಬಾ ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಉದುರುವುದು ಮಾತ್ರ 2-3 ತಿಂಗಳು ತಡವಾಗಿ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ ಅಲ್ವಾ! ಬುಡದಲ್ಲಿ ಕಾಣುವ ಸಣ್ಣ ಬಿಳಿ ಗಂಟು ನೋಡಿ ಬೇರೇ ಕಿತ್ತುಬಂತು ಅಂತ ಹೆದರಬೇಡಿ, ಬೇರು ಚರ್ಮದೊಳಗೇ ಇರುತ್ತದೆ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವುದು) ನೋಡಿದರು. ಕಬ್ಬಿಣಾಂಶ ಕಡಿಮೆ ಇತ್ತು, ಮಾತ್ರೆ ಕೊಟ್ಟಿದ್ದಾರೆ. ಅತ್ತೆ ಮಾಡಿಕೊಡುವ ದಾಸವಾಳ ಸೊಪ್ಪಿನ ಲೋಳೆಯನ್ನೂ ಬಿಟ್ಟಿಲ್ಲ. ತಲೆ ತಂಪಾಗುತ್ತದೆ, ಉದುರುವುದೇನೂ ಅದರಿಂದ ನಿಲ್ಲಲಿಲ್ಲ.

ಈಗ ಹಣೆಯಂಚಲ್ಲಿ ಗಿಡ್ಡ ಕೂದಲು ನೆಟ್ಟಗೆ ನಿಂತಿದೆ, ಎಣ್ಣೆ ಹಚ್ಚಿದರೂ ಕೂರುವುದಿಲ್ಲ. 6 ತಿಂಗಳು ದಾಟಿಯೂ ಉದುರಿದರೆ ಮತ್ತೆ ತೋರಿಸಬೇಕಂತೆ.